ರಾಮ್ಸಾರ್ ಪಟ್ಟಿಗೆ ಸೇರಿದ ಜೌಗು ಕೂಡ ಒಣಗುವುದೇಕೆ?

ಕೆಸರುಗಾಲು

ತುಂಬಾ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ. ತಿಳಿದವರು ಇದ್ದೀರಿ ಅಂತ ಕೇಳುತ್ತಿದ್ದೇನೆ.

ಜೌಗು ಪ್ರದೇಶಗಳನ್ನು ಉಳಿಸಿಕೊಳ್ಳಲು ಮಾಡಿದ ರಾಮ್ಸಾರ್ ಒಪ್ಪಂದಕ್ಕೆ ಅರ್ಧ ಶತಮಾನ ದಾಟಿತು. 1971ರ ಫೆಬ್ರವರಿ 2ರಂದು ಕ್ಯಾಸ್ಪಿಯನ್ ದಂಡೆಯ ರಾಮ್ಸಾರ್ ಎಂಬ ಊರಿನಲ್ಲಿ 18 ದೇಶಗಳವರು ಕೂತು ಒಪ್ಪಿದ್ದು. ಈಗ 170ಕ್ಕೂ ಜಾಸ್ತಿ ದೇಶಗಳಿವೆ. ಪಟ್ಟಿಯಲ್ಲಿ 2,500ಕ್ಕಿಂತ ಹೆಚ್ಚು ತಾಣಗಳಿವೆ. ಎಲ್ಲ ಕೂಡಿಸಿದರೆ 25 ಲಕ್ಷ ಚದರ ಕಿಲೋಮೀಟರ್ ದಾಟುತ್ತದೆ. ಸಣ್ಣ ಮಾತಲ್ಲ.

ಆದರೆ ಉರ್ಮಿಯಾ ಸರೋವರ ನೋಡಿ. ಅದು ಇರುವುದು ಇರಾನಿನಲ್ಲಿ, ಅಂದರೆ ಒಪ್ಪಂದ ಹುಟ್ಟಿದ ದೇಶದಲ್ಲೇ. 1975ರಲ್ಲೇ ಪಟ್ಟಿಗೆ ಸೇರಿದೆ. ಇವತ್ತು ಅದರ ಬಹುಪಾಲು ಬರೀ ಉಪ್ಪಿನ ಬಯಲು. ಮನೆಯ ದೀಪವೇ ಹೀಗಾದರೆ ಉಳಿದವರ ಕಥೆ ಏನು? ಪಟ್ಟಿಗೆ ಸೇರಿದ ಮೇಲೆ, ಬೋರ್ಡ್ ನೆಡುವುದು ಬಿಟ್ಟು, ನಿಜಕ್ಕೂ ಏನು ಬದಲಾಗುತ್ತದೆ?

ನೀರುಕೋಳಿ

ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಈ ಒಪ್ಪಂದ ಶುರುವಾಗಿದ್ದು ನೀರಿನ ಚಿಂತೆಯಿಂದಲ್ಲ, ಬಾತುಕೋಳಿಯ ಚಿಂತೆಯಿಂದ. 1962ರಲ್ಲಿ ಫ್ರಾನ್ಸಿನ ಕಮಾರ್ಗ್‌ನಲ್ಲಿ ಹಕ್ಕಿ ತಜ್ಞರ ಒಂದು ಸಭೆ ಸೇರಿತ್ತು. ಹೆಸರು ‘ಮಾರ್’. ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಮೂರರಲ್ಲೂ ಜೌಗಿಗೆ ಇರುವ ಪದ ಇದೇ ಅಕ್ಷರಗಳಿಂದ ಶುರುವಾಗುತ್ತದೆ, ಅದಕ್ಕೇ ಆ ಹೆಸರು. ಅದರ ಹಿಂದೆ ಓಡಾಡಿದವರು ಲುಕ್ ಹಾಫ್‌ಮನ್. ಇಂಗ್ಲೆಂಡಿನ ಜೆಫ್ರಿ ಮ್ಯಾಥ್ಯೂಸ್, ಇರಾನಿನ ಎಸ್ಕಂದರ್ ಫಿರೂಜ್ ಆಮೇಲೆ ಜೊತೆಯಾದರು. ಒಂಬತ್ತು ವರ್ಷ ಕರಡು ತಿದ್ದಿ ತಿದ್ದಿ ರಾಮ್ಸಾರ್ ತಲುಪಿತು. ಒಪ್ಪಂದದ ಪೂರ್ತಿ ಹೆಸರಿನಲ್ಲಿ ‘ವಿಶೇಷವಾಗಿ ನೀರುಹಕ್ಕಿಗಳ ನೆಲೆಯಾಗಿ’ ಅನ್ನುವ ಮಾತು ಇವತ್ತಿಗೂ ಇದೆ.

ಈ ಹಕ್ಕಿ ಹುಚ್ಚು ನಿಯಮಗಳಲ್ಲೂ ಕಾಣುತ್ತದೆ. 20,000 ನೀರುಹಕ್ಕಿಗಳು ನಿಯಮಿತವಾಗಿ ಬಂದರೆ ತಾಣಕ್ಕೆ ಅರ್ಹತೆ. ಒಂದು ಜಾತಿಯ ಒಟ್ಟು ಸಂಖ್ಯೆಯಲ್ಲಿ ಶೇಕಡಾ 1ರಷ್ಟು ಅಲ್ಲಿ ಇಳಿದರೂ ಅರ್ಹತೆ. ಸಮುದ್ರದ ಕಡೆ ಇಳಿತದ ವೇಳೆ ಆರು ಮೀಟರ್ ಆಳದವರೆಗೆ ಜೌಗು ಅಂತಲೇ ಲೆಕ್ಕ. ಆರೇ ಯಾಕೆ ಅಂದರೆ, ಕಡಲ ಬಾತುಗಳು ಮೇವಿಗಾಗಿ ಅಷ್ಟೇ ಆಳ ಮುಳುಗುತ್ತವೆ ಅಂತ ಹೇಳುತ್ತಾರೆ!

ಅಂದರೆ ಶುರುವಿನ ಯೋಚನೆ ‘ಹಕ್ಕಿ ಇಳಿಯುವ ಜಾಗಕ್ಕೆ ಬೇಲಿ ಹಾಕೋಣ’ ಅನ್ನುವುದು. ತೊಡಕು ಇರುವುದು ಅಲ್ಲೇ. ಹಕ್ಕಿ ತಾನಾಗಿ ಬರುತ್ತದೆ, ನೀರು ಹಾಗಲ್ಲ. ಮೇಲಿನವರು ಬಿಟ್ಟರೆ ಮಾತ್ರ ಬರುತ್ತದೆ.

ಲೆಕ್ಕದ ಪುಸ್ತಕ

ಚರ್ಚೆ ಮುಂದೆ ಹೋಗುವ ಮುನ್ನ ಅಂಕಿಗಳ ಬಗ್ಗೆ ಒಂದು ಮಾತು. ಆಮೇಲೆ ಯಾರಾದರೂ ಬಂದು ‘ಜಗತ್ತಿನ ಶೇಕಡಾ 87 ಜೌಗು ನಾಶವಾಗಿದೆ’ ಅಂತ ಬರೆದೇ ಬರೆಯುತ್ತಾರೆ.

ಆ 87 ಬಂದಿದ್ದು 2014ರ ಒಂದು ಅಧ್ಯಯನದಿಂದ. ಅದು ಹೇಳಿದ್ದು, ಬಹುಕಾಲದ ನಷ್ಟ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, 1700ರಿಂದ ಲೆಕ್ಕ ಹಾಕಿದರೆ 87ರವರೆಗೂ ಇರಬಹುದು ಅಂತ. ‘ಇರಬಹುದು’ ಬಿದ್ದುಹೋಯಿತು, 87 ಉಳಿದುಕೊಂಡಿತು. 2018ರಲ್ಲಿ ರಾಮ್ಸಾರ್‌ನವರ ವರದಿ ಬಂತು. 1970ರಿಂದ 2015ರೊಳಗೆ ಶೇಕಡಾ 35, ಕಾಡು ಕರಗುವುದಕ್ಕಿಂತ ಮೂರು ಪಟ್ಟು ವೇಗ ಅಂದರು. 2023ರಲ್ಲಿ ‘ನೇಚರ್’ನಲ್ಲಿ ಬಂದ ಅಧ್ಯಯನ 1700ರಿಂದ ಇಲ್ಲಿಯವರೆಗೆ 34 ಲಕ್ಷ ಚದರ ಕಿಲೋಮೀಟರ್, ಅಂದರೆ ಶೇಕಡಾ 21 ಅಂದಿತು. 2025ರ ರಾಮ್ಸಾರ್ ವರದಿ 1970ರಿಂದೀಚೆಗೆ 41.1 ಕೋಟಿ ಹೆಕ್ಟೇರ್, ಶೇಕಡಾ 22 ಅನ್ನುತ್ತದೆ.

ಕೊನೆಯ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. 41.1 ಕೋಟಿ ಹೆಕ್ಟೇರ್ ಅಂದರೆ 41.1 ಲಕ್ಷ ಚದರ ಕಿಲೋಮೀಟರ್. ಐವತ್ತು ವರ್ಷದ ನಷ್ಟ ಮುನ್ನೂರು ವರ್ಷದ ನಷ್ಟಕ್ಕಿಂತ ದೊಡ್ಡದು! ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಒಳನಾಡಿನ ಜೌಗನ್ನು ಮಾತ್ರ ಎಣಿಸಿದರು. ಇನ್ನೊಬ್ಬರು ಕಡಲಹುಲ್ಲು, ಹವಳದ ದಿಬ್ಬ, ಅಳಿವೆ, ಸರೋವರ, ನದಿ ಎಲ್ಲ ಸೇರಿಸಿದರು. ಹಳೆಯ ಅಧ್ಯಯನಗಳದ್ದು ಬೇರೆ ಕಥೆ. ಎಲ್ಲಿ ಜಾಸ್ತಿ ಬಸಿದಿದ್ದಾರೋ ಅಲ್ಲೇ ಜಾಸ್ತಿ ಅಳೆದಿದ್ದಾರೆ. ರೋಗಿಗಳನ್ನಷ್ಟೇ ಎಣಿಸಿ ಊರಿನ ಆರೋಗ್ಯ ಹೇಳಿದ ಹಾಗೆ.

ಆಪುಹುಲ್ಲು

ಲೆಕ್ಕದ ಪುಸ್ತಕದವರೇ, 87 ಆಗಲಿ 21 ಆಗಲಿ, ಕೊಕ್ಕರೆಗೆ ಏನು ವ್ಯತ್ಯಾಸ 😄

ಲೆಕ್ಕದ ಪುಸ್ತಕ

ಕೊಕ್ಕರೆಗೆ ಇಲ್ಲ, ದುಡ್ಡು ಕೊಡುವವರಿಗೆ ಇದೆ. 2023ರಲ್ಲಿ ಕೆಲವು ದೇಶಗಳು ಸೇರಿ 2030ರೊಳಗೆ 35 ಕೋಟಿ ಹೆಕ್ಟೇರ್ ಜೌಗು ಮತ್ತು 3 ಲಕ್ಷ ಕಿಲೋಮೀಟರ್ ನದಿ ಸರಿಪಡಿಸುವ ಗುರಿ ಇಟ್ಟುಕೊಂಡವು. ಶುರು ಮಾಡಿದ ಜಾಗ ಯಾವುದು ಅಂತ ಗೊತ್ತಿಲ್ಲದಿದ್ದರೆ ಮುಟ್ಟಿದ್ದೇವೋ ಇಲ್ಲವೋ ಅಂತ ಹೇಳುವುದು ಹೇಗೆ?

ಅಳಿವೆ

ಮೂಲ ಪ್ರಶ್ನೆಗೆ ಬರೋಣ. ಪಟ್ಟಿಗೆ ಸೇರಿದರೆ ದೇಶದ ಮೇಲೆ ಮೂರು ಹೊಣೆ ಬೀಳುತ್ತವೆ. ತಾಣದ ಗುಣ ಕೆಡದಂತೆ ನೋಡಿಕೊಳ್ಳಬೇಕು. ಕೆಟ್ಟರೆ, ಅಥವಾ ಕೆಡುವ ಸೂಚನೆ ಇದ್ದರೆ, ತಡಮಾಡದೆ ಕಚೇರಿಗೆ ತಿಳಿಸಬೇಕು. ಹಂಚಿಕೊಂಡ ನೀರಿನ ಬಗ್ಗೆ ನೆರೆಯವರ ಜೊತೆ ಮಾತಾಡಬೇಕು. ಮಾಡದಿದ್ದರೆ? ಏನೂ ಇಲ್ಲ. ದಂಡ ಇಲ್ಲ, ನ್ಯಾಯಮಂಡಳಿ ಇಲ್ಲ. ಸ್ವಿಟ್ಜರ್ಲೆಂಡಿನ ಗ್ಲಾಂಡ್‌ನಲ್ಲಿ ಇರುವುದು ಒಂದು ಪುಟ್ಟ ಕಚೇರಿ. ಅದರ ಮೂಲ ಬಜೆಟ್ ವರ್ಷಕ್ಕೆ ಸುಮಾರು 50 ಲಕ್ಷ ಸ್ವಿಸ್ ಫ್ರಾಂಕ್. ಇಡೀ ಜಗತ್ತಿನ ಜೌಗಿಗೆ!

ಇರುವ ಒಂದೇ ಅಸ್ತ್ರ ಮಾಂಟ್ರೂ ದಾಖಲೆ. 1990ರಲ್ಲಿ ಮಾಡಿದ್ದು. ಗುಣ ಕೆಟ್ಟ ತಾಣಗಳ ಹೆಸರು ಅದರಲ್ಲಿ ಬರುತ್ತದೆ. ಬಂದರೆ ಸಲಹಾ ತಂಡ ಬರುತ್ತದೆ, ಸ್ವಲ್ಪ ನೆರವು ಸಿಗುತ್ತದೆ. ಆದರೆ ಆ ದೇಶ ಒಪ್ಪಿದರೆ ಮಾತ್ರ ಸೇರಿಸಬಹುದು. ತನ್ನ ಮಗು ಫೇಲಾಗಿದೆ ಅಂತ ತಾನೇ ಬರೆದುಕೊಡುವ ಅಪ್ಪ ಎಷ್ಟು ಜನ ಇರುತ್ತಾರೆ? ಹಾಗಾಗಿ ಆ ದಾಖಲೆ ಇರಬೇಕಾದಷ್ಟು ಉದ್ದ ಇಲ್ಲ.

ಒಪ್ಪಿಕೊಂಡವರಿಗೆ ಲಾಭ ಆಗಿದ್ದೂ ಇದೆ. ಒಡಿಶಾದ ಚಿಲಿಕಾ 1993ರಲ್ಲಿ ಅದರೊಳಗೆ ಹೋಯಿತು. ಹೂಳು ತುಂಬಿ ಸಮುದ್ರದ ಬಾಯಿ ಕಟ್ಟಿಕೊಂಡಿತ್ತು, ಉಪ್ಪು ಇಳಿದು ಕಳೆ ಹಬ್ಬಿತ್ತು. 2000ದಲ್ಲಿ ಹೊಸ ಅಳಿವೆಬಾಯಿ ತೆಗೆದರು. ಉಪ್ಪುನೀರು ಒಳಗೆ ಬಂತು, ಮೀನು ಬಂತು. 2002ರಲ್ಲಿ ದಾಖಲೆಯಿಂದ ಹೊರಗೆ ಬಂತು. ಹೀಗೆ ಹೊರಗೆ ಬಂದ ತಾಣಗಳು ಮೂವತ್ತರಷ್ಟು ಇವೆ.

ಕೆಸರುಗಾಲು

ಅಂದರೆ ಹಲ್ಲಿಲ್ಲದ ಹಾವು. ನನ್ನ ಅನುಮಾನ ನಿಜವಾಯಿತು ಅನ್ನಿ.

ಇನ್ನೊಂದು ಕೇಳುವುದಿತ್ತು. ‘ತುರ್ತು ರಾಷ್ಟ್ರೀಯ ಹಿತ’ ಅಂತ ಹೇಳಿ ತಾಣದ ಗಡಿಯನ್ನೇ ಚಿಕ್ಕದು ಮಾಡಬಹುದಂತೆ, ಹೌದಾ?

ಅಳಿವೆ

ಹೌದು, ಎರಡನೇ ವಿಧಿಯಲ್ಲೇ ಇದೆ. ಕಳೆದುಕೊಂಡದ್ದಕ್ಕೆ ಆದಷ್ಟು ಮಟ್ಟಿಗೆ ಬೇರೆ ಕಡೆ ಪರಿಹಾರ ಜಾಗ ಕೊಡಬೇಕು ಅಂತ ನಾಲ್ಕನೇ ವಿಧಿ ಹೇಳುತ್ತದೆ. ಆಶ್ಚರ್ಯ ಅಂದರೆ ಈ ಬಾಗಿಲನ್ನು ಬಳಸಿದ ದೇಶಗಳು ತುಂಬಾ ಕಡಿಮೆ. ಬಳಸದೆಯೇ ಕೆಲಸ ಆಗುತ್ತದಲ್ಲ, ಸುಮ್ನೆ ಯಾಕೆ ಬರೆದುಕೊಡಬೇಕು!

ಹಾಗಂತ ಇದು ಬಡ ದೇಶಗಳ ಚಾಳಿ ಅಂದುಕೊಳ್ಳಬೇಡಿ. ಹ್ಯಾಂಬರ್ಗ್‌ನ ಪಕ್ಕ ಎಲ್ಬೆ ನದಿಯ ಮ್ಯೂಲೆನ್‌ಬರ್ಗರ್ ಲೋಖ್ ರಾಮ್ಸಾರ್ ತಾಣ. ಏರ್‌ಬಸ್‌ನ ಎ380 ವಿಮಾನದ ಕಾರ್ಖಾನೆ ದೊಡ್ಡದು ಮಾಡಲು ಅದರ ಸುಮಾರು ಐದನೇ ಒಂದು ಭಾಗಕ್ಕೆ ಮಣ್ಣು ತುಂಬಿದರು. ಈಗ ಆ ವಿಮಾನ ತಯಾರಿಸುವುದೂ ನಿಂತಿದೆ.

ಕರಿಕೋಟು

ಹಲ್ಲಿಲ್ಲ ಅನ್ನುವುದು ಪೂರ್ತಿ ಸರಿಯಲ್ಲ. ಸಾಲ ಪಡೆದ ಹಲ್ಲು ಇದೆ. ನನಗೆ ಇಷ್ಟವಾದ ಒಂದು ಪ್ರಕರಣ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಕೋಸ್ಟಾರಿಕಾ ಮತ್ತು ನಿಕರಾಗುವಾ ನಡುವೆ ಸಾನ್ ಹುವಾನ್ ನದಿ. ಅದರ ಮುಖದಲ್ಲಿ ಒಂದು ಸಣ್ಣ ಜೌಗು ತುಂಡು, ಇಸ್ಲಾ ಪೋರ್ಟಿಯೋಸ್. 2010ರಲ್ಲಿ ನಿಕರಾಗುವಾದವರು ಅದು ತಮ್ಮದು ಅಂತ ಒಳಗೆ ಬಂದು ಕಾಲುವೆ ತೋಡಿದರು, ಮರ ಕಡಿದರು. ಕೋಸ್ಟಾರಿಕಾ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಆ ಜಾಗ ರಾಮ್ಸಾರ್ ತಾಣದ ಒಳಗಿತ್ತು. ಸಲಹಾ ತಂಡದ ವರದಿ ಕೂಡಲೇ ಬಂತು. 2011ರ ಮಧ್ಯಂತರ ಆದೇಶದಲ್ಲಿ ನ್ಯಾಯಾಲಯ ಎರಡೂ ಕಡೆಯವರನ್ನು ದೂರ ಇರಿಸಿತು. ಸರಿಪಡಿಸಲಾಗದ ಹಾನಿ ತಡೆಯಬೇಕಾದಾಗ ಮಾತ್ರ ಕೋಸ್ಟಾರಿಕಾದ ಪರಿಸರ ಸಿಬ್ಬಂದಿ ಹೋಗಬಹುದು, ಅದಕ್ಕೂ ರಾಮ್ಸಾರ್ ಕಚೇರಿಯ ಜೊತೆ ಸಮಾಲೋಚಿಸಬೇಕು ಅಂದಿತು. ಆ ಪುಟ್ಟ ಕಚೇರಿಗೆ ಅದು ದೊಡ್ಡ ಮಾತು.

2015ರಲ್ಲಿ ಜಾಗ ಕೋಸ್ಟಾರಿಕಾದ್ದು ಅಂತ ತೀರ್ಪಾಯಿತು. ಉಳಿದದ್ದು ಪರಿಹಾರ. 6.19 ಹೆಕ್ಟೇರ್ ಹಾಳಾಗಿತ್ತು, ಸುಮಾರು 300 ಮರ ಹೋಗಿದ್ದವು. ಮರ, ಮಣ್ಣು, ಹಿಡಿದಿಟ್ಟ ಇಂಗಾಲ, ಜೀವಿಗಳ ನೆಲೆ ಇದಕ್ಕೆಲ್ಲ ಬೆಲೆ ಕಟ್ಟಿ ಕೋಸ್ಟಾರಿಕಾ 28 ಲಕ್ಷ ಡಾಲರಿಗೂ ಹೆಚ್ಚು ಕೇಳಿತು. 2018ರಲ್ಲಿ ನ್ಯಾಯಾಲಯ ಪರಿಸರದ ಹಾನಿಗೆ ಕೊಟ್ಟಿದ್ದು 1,20,000 ಡಾಲರ್. ಮತ್ತೆ ಸರಿಪಡಿಸುವ ಖರ್ಚಿಗೆ 2,708 ಡಾಲರ್ ಚಿಲ್ಲರೆ. ಬೇರೆ ಖರ್ಚು, ಬಡ್ಡಿ ಎಲ್ಲ ಸೇರಿ ಒಟ್ಟು 3.78 ಲಕ್ಷ. ಮೊತ್ತ ನೋಡಿ ನಗು ಬರುತ್ತದೆ. ಆದರೆ ಆ ನ್ಯಾಯಾಲಯ ಪರಿಸರ ಹಾನಿಗೆಂದೇ ಪರಿಹಾರ ಕೊಡಿಸಿದ್ದು ಅದೇ ಮೊದಲು. ನಿಕರಾಗುವಾ ದುಡ್ಡು ಕಟ್ಟಿತು ಕೂಡ. ತೀರ್ಪಿನ ದಿನಾಂಕ ಫೆಬ್ರವರಿ 2, ರಾಮ್ಸಾರ್ ದಿನವೇ. ಬೇಕಂತಲೇ ಇಟ್ಟರೋ ಕಾಕತಾಳೀಯವೋ!

ಒಣನೆಲ

ಕ್ಷಮಿಸಿ, ನಾನು ಬೇರೆ ಕಡೆಯಿಂದ ಮಾತಾಡುತ್ತೇನೆ. ಯುರೋಪಿನವರು ನೂರಾರು ವರ್ಷ ತಮ್ಮ ಜೌಗನ್ನು ಬಸಿದು ಹೊಲ ಮಾಡಿಕೊಂಡರು, ಬಂದರು ಕಟ್ಟಿಕೊಂಡರು, ಹೊಟ್ಟೆ ತುಂಬಿಸಿಕೊಂಡರು. ಈಗ ಕಾಂಗೋದವರಿಗೆ ‘ನಿಮ್ಮ ಕೆಸರು ಮುಟ್ಟಬೇಡಿ, ಅದರಲ್ಲಿ ಇಂಗಾಲ ಇದೆ’ ಅಂತ ಹೇಳುತ್ತಾರೆ. ಇದು ಸರಿನಾ?

ಬೆಳ್ಳಕ್ಕಿ

ಒಣನೆಲ ಅವರ ಸಿಟ್ಟು ನ್ಯಾಯವಾದದ್ದೇ. ಕಾಂಗೋ ವಿಷಯ ಬಂದದ್ದರಿಂದ ಅದನ್ನೇ ಹೇಳುತ್ತೇನೆ.

ಪೀಟ್ ಅಂದರೆ ಅರ್ಧಂಬರ್ಧ ಕೊಳೆತ ಗಿಡಗಳ ರಾಶಿ. ಸಾವಿರಾರು ವರ್ಷ ನೀರಲ್ಲಿ ಮುಳುಗಿದ್ದರಿಂದ ಪೂರ್ತಿ ಕೊಳೆತಿಲ್ಲ. ಜಗತ್ತಿನ ನೆಲದಲ್ಲಿ ಇದು ಶೇಕಡಾ 3 ಮಾತ್ರ, ಆದರೆ ಎಲ್ಲ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಜಾಸ್ತಿ ಇಂಗಾಲ ಇದರಲ್ಲಿದೆ. ಕಾಂಗೋ ನದಿಯ ನಡುವಿನ ತಗ್ಗಿನಲ್ಲಿ ಎಷ್ಟು ಪೀಟ್ ಇದೆ ಅಂತ ಜಗತ್ತಿಗೆ ಗೊತ್ತಾಗಿದ್ದೇ 2017ರಲ್ಲಿ. ಸುಮಾರು 1,45,000 ಚದರ ಕಿಲೋಮೀಟರ್, 3,000 ಕೋಟಿ ಟನ್ ಇಂಗಾಲ. ಮರುವರ್ಷವೇ ಎರಡು ಕಾಂಗೋಗಳು ಮತ್ತು ಇಂಡೋನೇಷ್ಯಾ ಸೇರಿ ಬ್ರಾಜವಿಲ್ ಘೋಷಣೆಗೆ ಸಹಿ ಹಾಕಿದವು. ಇಂಡೋನೇಷ್ಯಾ ಯಾಕೆ ಅಂದರೆ, ಅವರು ಕೈ ಸುಟ್ಟುಕೊಂಡವರು. 1990ರ ದಶಕದಲ್ಲಿ ಕಾಲಿಮಂತಾನ್‌ನ 10 ಲಕ್ಷ ಹೆಕ್ಟೇರ್ ಪೀಟ್ ಜೌಗನ್ನು ಭತ್ತದ ಗದ್ದೆ ಮಾಡಲು ಹೊರಟು ಸಾವಿರಾರು ಕಿಲೋಮೀಟರ್ ಕಾಲುವೆ ತೋಡಿದರು. ಭತ್ತ ಬರಲಿಲ್ಲ. ನೀರು ಬಸಿದುಹೋಗಿ ಪೀಟ್ ಒಣಗಿತು. ಒಣ ಪೀಟಿಗೆ ಬೆಂಕಿ ಬಿದ್ದರೆ ನೆಲದೊಳಗೇ ತಿಂಗಳುಗಟ್ಟಲೆ ಹೊಗೆಯಾಡುತ್ತದೆ. ಆ ಹೊಗೆ ಪಕ್ಕದ ದೇಶಗಳ ಮಕ್ಕಳ ಶ್ವಾಸಕ್ಕೂ ಹೋಯಿತು.

ಆದರೂ 2022ರಲ್ಲಿ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ ತೈಲದ ಬ್ಲಾಕ್‌ಗಳನ್ನು ಹರಾಜಿಗಿಟ್ಟಿತು. ಕೆಲವು ಈ ಪೀಟ್ ಮೇಲೇ ಇದ್ದವು. 2024ರಲ್ಲಿ ಹರಾಜು ರದ್ದಾಯಿತು, 2025ರಲ್ಲಿ ಹೊಸ ಬ್ಲಾಕ್‌ಗಳ ಪಟ್ಟಿ ಬಂತು. ಅವರ ವಾದ ನೀವು ಹೇಳಿದ್ದೇ: ಉಳಿಸಿ ಅನ್ನುವವರು ದುಡ್ಡು ಎಲ್ಲಿ ಇಟ್ಟಿದ್ದಾರೆ? ಘೋಷಣೆಗೆ ಸಹಿ ಹಾಕುವಾಗ ಇದ್ದ ಹುರುಪು ಚೆಕ್ಕಿಗೆ ಸಹಿ ಹಾಕುವಾಗ ಕಾಣುವುದಿಲ್ಲ.

ನೀರುಕೋಳಿ

ಒಣನೆಲ ಅವರಿಗೆ ಒಂದು ಸೇರಿಸುತ್ತೇನೆ. ಜೌಗನ್ನು ಮುಟ್ಟಲೇಬೇಡಿ ಅಂತ ಒಪ್ಪಂದ ಎಲ್ಲೂ ಹೇಳಿಲ್ಲ. ಅದರಲ್ಲಿರುವ ಮಾತು ‘ವಿವೇಕದ ಬಳಕೆ’. ಮೀನು ಹಿಡಿಯಿರಿ, ಆಪು ಕೊಯ್ಯಿರಿ, ಎಮ್ಮೆ ಮೇಯಿಸಿರಿ, ಜೌಗು ಜೌಗಾಗಿ ಉಳಿಯಲಿ ಅಂತ. ಬಸಿದ ನೆಲ ಲಾಭವೇ ಅನ್ನುವುದೂ ಅನುಮಾನ. ನೆದರ್ಲೆಂಡ್ಸ್‌ನಲ್ಲಿ ಬಸಿದ ಪೀಟ್ ಹೊಲಗಳು ಇವತ್ತಿಗೂ ಕುಸಿಯುತ್ತಲೇ ಇವೆ. ನೀರೆತ್ತುವ ಪಂಪ್ ನಿಲ್ಲಿಸುವ ಹಾಗಿಲ್ಲ.

ಇನ್ನು ಹಕ್ಕಿದಾರಿಯ ಮಾತು, ಅಂದರೆ ವಲಸೆ ಹಕ್ಕಿಗಳು ಹಾರುವ ದಾರಿ, ಅದು ನನ್ನ ಪ್ರೀತಿಯ ವಿಷಯ. 2022ರಲ್ಲಿ ಐದು ತಿಂಗಳ ಒಂದು ಗಾಡ್‌ವಿಟ್ ಮರಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರ್ ಹಾರಿತು. 11 ದಿನ, ಎಲ್ಲೂ ಇಳಿಯದೆ. ಆದರೆ ಉತ್ತರಕ್ಕೆ ವಾಪಸ್ ಹೋಗುವಾಗ ಈ ಹಕ್ಕಿಗಳು ಇಳಿಯಲೇಬೇಕು. ಇಳಿಯುವುದು ಹಳದಿ ಸಮುದ್ರದ ಕೆಸರು ಬಯಲಿಗೆ. ದಕ್ಷಿಣ ಕೊರಿಯಾ 2006ರಲ್ಲಿ ಸೇಮಾಂಗಮ್‌ನಲ್ಲಿ 33 ಕಿಲೋಮೀಟರ್ ಉದ್ದದ ಕಡಲಗೋಡೆ ಮುಚ್ಚಿತು. ಅಲ್ಲಿ ಇಳಿಯುತ್ತಿದ್ದ ಗ್ರೇಟ್ ನಾಟ್ ಹಕ್ಕಿಗಳು ಬೇರೆ ಕಡೆ ಹೋಗಿರಬಹುದು ಅಂತ ಹುಡುಕಿದರು. ಹೋಗಿರಲಿಲ್ಲ. ದೂರದ ಆಸ್ಟ್ರೇಲಿಯಾದ ದಂಡೆಯಲ್ಲಿ ಎಣಿಸಿದಾಗ ಸಾವಿರಾರು ಕಡಿಮೆ ಬಂದವು.

ಆಮೇಲೆ ಬದಲಾದದ್ದು ನೋಡಿ. 2018ರಲ್ಲಿ ಚೀನಾ ವ್ಯಾಪಾರಕ್ಕಾಗಿ ಕಡಲು ತುಂಬುವುದನ್ನು ನಿಲ್ಲಿಸುವುದಾಗಿ ಹೇಳಿತು. 2019ರಲ್ಲಿ ಅದರ ಕೆಸರು ಬಯಲು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, 2021ರಲ್ಲಿ ಕೊರಿಯಾದ್ದು. ಪಟ್ಟಿ ಮೊದಲಲ್ಲ, ತುಂಬುವುದು ನಿಂತದ್ದು ಮೊದಲು. ಆ ಕ್ರಮ ಮುಖ್ಯ.

ಆಪುಹುಲ್ಲು

ಯುರೋಪಿನ ಉತ್ತರ ಸಮುದ್ರದ ಅಂಚಿನ ಕೆಸರು ಬಯಲು, ವಾಡನ್ ಸೀ, ಮರೆತಿರಾ? ಡೆನ್ಮಾರ್ಕ್, ಜರ್ಮನಿ, ನೆದರ್ಲೆಂಡ್ಸ್ 1978ರಿಂದ ಒಟ್ಟಿಗೆ ನೋಡಿಕೊಳ್ಳುತ್ತಿವೆ. ಸೀಲ್‌ಗಳನ್ನು ಎಣಿಸುವುದೂ ಒಟ್ಟಿಗೇ. ಜಗಳ ಕಡಿಮೆ, ಅದಕ್ಕೇ ಸುದ್ದಿಯೂ ಕಡಿಮೆ.

ಅಳಿವೆ

ವಾಡನ್ ಸೀಗೆ ಒಂದು ಅನುಕೂಲ ಇದೆ. ಅದಕ್ಕೆ ನೀರು ಕೊಡುವುದು ಉಬ್ಬರ ಇಳಿತ, ಯಾರ ಅಣೆಕಟ್ಟೂ ಅದನ್ನು ತಡೆದಿಲ್ಲ. ಒಳನಾಡಿನ ಜೌಗಿನ ಪಾಡು ಬೇರೆ. ಇರಾಕ್‌ನ ಕಥೆ ಹೇಳದೆ ಈ ಚರ್ಚೆ ಮುಗಿಯಬಾರದು.

ಟೈಗ್ರಿಸ್ ಮತ್ತು ಯೂಫ್ರಟಿಸ್ ಸೇರುವ ಕಡೆ ಜೊಂಡಿನ ದೊಡ್ಡ ಲೋಕ ಇತ್ತು. ಜೊಂಡಿನ ಮನೆ, ಎಮ್ಮೆ, ದೋಣಿ. 1991ರ ದಂಗೆಯ ನಂತರ ಸದ್ದಾಂ ಸರ್ಕಾರ ಆ ಜನರನ್ನು ಬಗ್ಗಿಸಲು ನೀರನ್ನೇ ತಿರುಗಿಸಿತು. ಹತ್ತು ವರ್ಷದಲ್ಲಿ ಸುಮಾರು ಶೇಕಡಾ 90 ಮಾಯ. 2003ರಲ್ಲಿ ಸರ್ಕಾರ ಬಿದ್ದ ಕೂಡಲೇ ಊರಿನವರೇ ಹೋಗಿ ಒಡ್ಡು ಒಡೆದರು. ಯಾವ ಒಪ್ಪಂದಕ್ಕೂ ಕಾಯಲಿಲ್ಲ. ನೀರು ಬಂತು, ಕೆಲವೇ ವರ್ಷದಲ್ಲಿ ಅರ್ಧದಷ್ಟು ಜೌಗು ಹಸಿರಾಯಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಆಮೇಲೆ ಬಂದು ಕುಡಿಯುವ ನೀರು, ತರಬೇತಿಗೆ ಕೈ ಹಾಕಿತು. ಹವೀಜೆ ಜೌಗು ಇರಾಕ್‌ನ ಮೊದಲ ರಾಮ್ಸಾರ್ ತಾಣವಾಯಿತು. 2016ರಲ್ಲಿ ಇಡೀ ಪ್ರದೇಶ ವಿಶ್ವ ಪರಂಪರೆಗೆ ಸೇರಿತು. ಕಾಗದದ ಮೇಲೆ ಇದಕ್ಕಿಂತ ರಕ್ಷಣೆ ಬೇಕಾ?

ಆದರೆ ಮೇಲೆ ಟರ್ಕಿಯ ಇಲಿಸು ಅಣೆಕಟ್ಟು 2019ರಲ್ಲಿ ತುಂಬಲು ಶುರುವಾಯಿತು. ಪೂರ್ವದ ಕಡೆ ಹವೀಜೆಯ ಮಧ್ಯದಲ್ಲೇ ಇರಾನಿನ ಒಡ್ಡು ನಿಂತಿದೆ. ಮೂರೂ ದೇಶಗಳು ರಾಮ್ಸಾರ್ ಸದಸ್ಯರು! ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ನದಿ ಹಂಚಿಕೆಗೆ 1997ರ ವಿಶ್ವಸಂಸ್ಥೆ ಒಪ್ಪಂದ ಬೇರೆ ಇದೆ, ಟರ್ಕಿ ಅದರ ವಿರುದ್ಧ ಮತ ಹಾಕಿತ್ತು. ಈಗ ಮತ್ತೆ ಎಮ್ಮೆಗಳು ಉಪ್ಪುನೀರು ಕುಡಿದು ಸಾಯುತ್ತಿವೆ, ಜನ ಪಟ್ಟಣಕ್ಕೆ ಹೋಗುತ್ತಿದ್ದಾರೆ.

ಕೆಸರುಗಾಲು, ನಿಮ್ಮ ಉರ್ಮಿಯಾಕ್ಕೂ ಇದೇ ಉತ್ತರ, ಅಲ್ಲಿ ಬೇರೆ ದೇಶ ಇಲ್ಲ ಅಷ್ಟೇ. ಸರೋವರದ ಸುತ್ತ ಗಡಿ ಹಾಕಿದರು. ಅದಕ್ಕೆ ಹರಿಯುವ ಹೊಳೆಗಳಿಗೆ ಅಣೆಕಟ್ಟು ಕಟ್ಟಿದರು, ಸುತ್ತ ಬಾವಿ ಕೊರೆದರು. ಬೇಲಿ ಗಟ್ಟಿಯಾಗಿಯೇ ಇದೆ, ಒಳಗೆ ನೀರಿಲ್ಲ.

ಬೆಳ್ಳಕ್ಕಿ

ಇದೇ ತಪ್ಪು ‘ಸರಿಪಡಿಸುವ’ ಕೆಲಸದಲ್ಲೂ ನಡೆಯುತ್ತದೆ. ಕಾಂಡ್ಲಾ ಸಸಿಗಳನ್ನು ಸಾಲಾಗಿ ನೆಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಉಬ್ಬರದ ನೀರು ಎಷ್ಟು ಹೊತ್ತು ನಿಲ್ಲುತ್ತದೆ ಅಂತ ನೋಡದೆ ತಗ್ಗು ಕೆಸರಲ್ಲಿ ನೆಟ್ಟರೆ ಬಹುಪಾಲು ಸಾಯುತ್ತವೆ. ಹಳೆಯ ಸೀಗಡಿ ಹೊಂಡದ ಏರಿ ಒಡೆದು ನೀರಿಗೆ ದಾರಿ ಬಿಟ್ಟರೆ ಎಷ್ಟೋ ಕಡೆ ಬೀಜ ತಾನಾಗಿ ತೇಲಿ ಬಂದು ಬೇರೂರುತ್ತದೆ. ಫೋಟೊ ಚೆನ್ನಾಗಿ ಬರುವುದಿಲ್ಲ, ಅದೇ ಕಷ್ಟ.

ಅಮೆರಿಕದ ಕಿಸಿಮ್ಮಿ ನದಿ ಇದಕ್ಕೆ ಒಳ್ಳೆಯ ಪಾಠ. 1960ರ ದಶಕದಲ್ಲಿ ಡೊಂಕು ನದಿಯನ್ನು ನೇರ ಕಾಲುವೆ ಮಾಡಿದರು, ಜೌಗು ಹೋಯಿತು. ಆಮೇಲೆ ದಶಕಗಟ್ಟಲೆ ದುಡ್ಡು ಸುರಿದು ಕಾಲುವೆಗೆ ಮಣ್ಣು ತುಂಬಿ ಮತ್ತೆ ಡೊಂಕು ಮಾಡಿದರು. 2021ರಲ್ಲಿ ಮುಗಿಯಿತು. ಸೇರಿದ್ದು ಸುಮಾರು 70 ಕಿಲೋಮೀಟರ್ ನದಿ. ಹಕ್ಕಿಗಳು ವಾಪಸ್ ಬಂದವು.

ಕೆಸರುಗಾಲು

ಎಲ್ಲರಿಗೂ ಧನ್ಯವಾದ. ನನ್ನ ಪ್ರಶ್ನೆಯೇ ತಪ್ಪಿತ್ತು ಅನ್ನಿಸುತ್ತಿದೆ. ‘ಪಟ್ಟಿಯಲ್ಲಿ ಇದೆಯಾ’ ಅಂತ ಅಲ್ಲ, ‘ಮೇಲಿನ ತೂಬು ಯಾರ ಕೈಲಿದೆ’ ಅಂತ ಕೇಳಬೇಕಿತ್ತು.

ಕೊನೆಗೆ ಒಂದು. ಅರಾಲ್ ಸಮುದ್ರದ ಉತ್ತರ ಭಾಗ ಬದುಕಿಕೊಂಡಿದೆ ಅಂತ ಓದಿದ ನೆನಪು. ಅದು ಒಪ್ಪಂದದಿಂದ ಆಗಿದ್ದಾ?

ಅಳಿವೆ

ಅಲ್ಲ, ಒಡ್ಡಿನಿಂದ. ಕಜಕಸ್ತಾನ ವಿಶ್ವ ಬ್ಯಾಂಕಿನ ಸಾಲ ಪಡೆದು 2005ರಲ್ಲಿ ಕೋಕರಾಲ್ ಅನ್ನುವಲ್ಲಿ ಸುಮಾರು 13 ಕಿಲೋಮೀಟರ್ ಒಡ್ಡು ಕಟ್ಟಿತು. ಸಿರ್ ದರ್ಯಾ ನದಿಯ ನೀರು ಉತ್ತರದಲ್ಲೇ ನಿಂತಿತು. ಅಂದುಕೊಂಡದ್ದಕ್ಕಿಂತ ಬೇಗ ಮಟ್ಟ ಏರಿತು, ಉಪ್ಪು ಇಳಿಯಿತು, ಸಿಹಿನೀರಿನ ಮೀನು ಬಂತು. ರಾಮ್ಸಾರ್ ಪಟ್ಟಿಗೆ ಸೇರಿದ್ದು 2012ರಲ್ಲಿ, ಎಲ್ಲ ಆದ ಮೇಲೆ. ದಕ್ಷಿಣದ ಭಾಗವನ್ನು ಬಿಟ್ಟುಕೊಟ್ಟ ಹಾಗೆಯೇ ಆಯಿತು, ಅಲ್ಲಿ ಈಗ ಮರಳುಗಾಡು.

ತೂಬಿನ ವಿಷಯಕ್ಕೆ ಬಂದರೆ, ಅದೂ ಕಜಕಸ್ತಾನದ ಕೈಲಿ ಪೂರ್ತಿ ಇಲ್ಲ. ಸಿರ್ ದರ್ಯಾಕ್ಕೆ ನೀರು ಬರುವುದು ಕಿರ್ಗಿಸ್ತಾನದ ಬೆಟ್ಟದಿಂದ. ಅಲ್ಲಿ ಟೊಕ್ಟೊಗುಲ್ ಜಲಾಶಯ ಇದೆ. ಅವರಿಗೆ ಚಳಿಗಾಲದಲ್ಲಿ ಕರೆಂಟಿಗೆ ನೀರು ಬಿಡಬೇಕು. ಕೆಳಗಿನವರಿಗೆ ಬೇಸಿಗೆಯಲ್ಲಿ ಹತ್ತಿಗೆ ನೀರು ಬೇಕು. ಆ ಮಾತುಕತೆ ಸೋವಿಯತ್ ಒಕ್ಕೂಟ ಒಡೆದಾಗಿನಿಂದ ಪ್ರತಿ ವರ್ಷ ನಡೆಯುತ್ತಿದೆ.